ತರವಾಡು ಮನೆಯ ಕೋವಿ: ಒಂದು ಜೀರ್ಣೋದ್ಧಾರದ ವೃತ್ತಾಂತ

ಶಿಲಾಶಾಸನ, ತಾಮ್ರಪಟ, ಓಲೆಗರಿ, ಸರಕಾರಿ ಕಡತ ಮೊದಲಾದವು ಇತಿಹಾಸದ ಆಕರಗಳೆಂದು ಉಪಾಧ್ಯಾಯರಾದ ನಾವು ವರ್ಷವರ್ಷವೂ ಮಕ್ಕಳಿಗೆ ಬೋಧಿಸುತ್ತ ಬಂದಿದ್ದೇವೆ. ಆದರೆ ನಮ್ಮ ನಮ್ಮ ಮನೆಗಳ ಅಟ್ಟದಲ್ಲಿ, ಪತ್ತಾಯದ ಹಿಂದೆ, ಗೋಡೆಯ ಗೂಟದಲ್ಲಿ ಇರುವ ವಸ್ತುಗಳೂ ಆಕರಗಳೇ ಎಂಬುದನ್ನು ಮರೆಯುತ್ತೇವೆ. ಪ್ರಕೃತ ಲೇಖನದ ವಿಷಯ ಅಂತಹದೊಂದು ವಸ್ತು. ಅದು ನಮ್ಮ ತರವಾಡು ಮನೆಯ ಹಳೆಯ ಕೋವಿ. ಅದನ್ನು ದುರಸ್ತಿ ಮಾಡಿಸಲು ಹೊರಟ ನಾವು ಕೊನೆಗೆ ದುರಸ್ತಿ ಮಾಡಿಕೊಂಡದ್ದು ನಮ್ಮ ಇತಿಹಾಸಜ್ಞಾನವನ್ನು. ಈ ಅನುಭವವು ಸಹೋದ್ಯೋಗಿಗಳಿಗೆ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತೇವೆ.

ಮೊದಲು ಹೆಸರಿನ ವಿಷಯವಾಗಿ ಒಂದು ಮಾತು. ಕನ್ನಡದಲ್ಲಿ ಕೋವಿ ಎಂಬುದಕ್ಕೆ ಕೊಳವೆ ಎಂಬ ಅರ್ಥವೂ ಉಂಟು. ನಳಿಗೆಯ ಆಕಾರದಿಂದಲೇ ಆಯುಧಕ್ಕೆ ಆ ಹೆಸರು ಸಂದಿತು. ನಮ್ಮ ನೆರೆಯ ತುಳುವರು ಇದನ್ನು ಬೆಡಿ ಎನ್ನುತ್ತಾರೆ. ಕೊಡವರಲ್ಲಿ ಇದು ತೋಕ್. ಜತ್ತ, ಅಕ್ಕಲಕೋಟೆಯ ಕಡೆಯ ಬಂಧುಗಳಿಗೆ ಬಂದೂಕು ಎಂಬುದು ಪರಿಚಿತ. ಆದೋನಿ, ರಾಯದುರ್ಗದವರು ದಿನವೂ ಕೇಳುವುದು ತುಪಾಕಿ ಎಂಬ ತುರ್ಕಿ ಮೂಲದ ಶಬ್ದವನ್ನು. ಗಡಿನಾಡಿನ ಕನ್ನಡಿಗರು ಒಂದೇ ವಸ್ತುವನ್ನು ಎಷ್ಟು ಬಾಗಿಲುಗಳಿಂದ ಒಳಗೆ ಕರೆದುಕೊಂಡಿದ್ದಾರೆಂಬುದಕ್ಕೆ ಇದೂ ಒಂದು ನಿದರ್ಶನ.

೧. ಮನೆಯ ಐತಿಹ್ಯ

ನಮ್ಮ ತರವಾಡು ಮನೆಯು ಕಾಸರಗೋಡಿನ ಪೂರ್ವದ ಗುಡ್ಡಗಾಡಿನಲ್ಲಿದೆ. ಗುಡ್ಡವನ್ನು ಹತ್ತಿ ಇಳಿದರೆ ಸುಳ್ಯದ ಸೀಮೆ. ಇನ್ನೂ ಮೇಲಕ್ಕೆ ನಡೆದರೆ ಕೊಡಗು. ಪಯಸ್ವಿನಿಯು ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ಚಂದ್ರಗಿರಿ ಹೊಳೆಯೊಡನೆ ಕಾಸರಗೋಡಿನ ಕಡಲನ್ನು ಸೇರುತ್ತದೆ. ನಮ್ಮಂತಹ ಅರೆಭಾಷೆ ಗೌಡ ಕುಟುಂಬಗಳ ನಂಟುಗಳೂ ಆ ಹೊಳೆಯ ಉದ್ದಕ್ಕೆ ಹರಡಿವೆ.

ಚಾವಡಿಯ ಗೂಟದಲ್ಲಿ ತೂಗುತ್ತಿದ್ದ ಕೋವಿಯ ಬಗ್ಗೆ ಮನೆಯಲ್ಲಿ ಒಂದು ಐತಿಹ್ಯವಿತ್ತು. 1837ರ ದಂಗೆಯಲ್ಲಿ ನಮ್ಮ ಹಿರಿಯರೊಬ್ಬರು ಇದನ್ನೇ ಹೆಗಲಿಗೇರಿಸಿಕೊಂಡು ಮಂಗಳೂರಿಗೆ ನಡೆದರು ಎಂಬುದೇ ಅದು. ಆ ದಂಗೆಯ ಸಂಗತಿ ವಾಚಕರಿಗೆ ವಿದಿತವೇ ಆಗಿದೆ. 1834ರಲ್ಲಿ ಕುಂಪಣಿ ಸರಕಾರವು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಅರಸನ ಕೈಕೆಳಗಿದ್ದ ಅಮರ ಸುಳ್ಯದ ಭಾಗವನ್ನು ಕನ್ನಡ ಜಿಲ್ಲೆಗೆ ಸೇರಿಸಿತು. ಅರಸನ ಕಾಲದಲ್ಲಿ ಕಂದಾಯವನ್ನು ಧಾನ್ಯದ ರೂಪದಲ್ಲಿ ಸಲ್ಲಿಸುತ್ತಿದ್ದ ಒಕ್ಕಲುಗಳು ಈಗ ನಗದು ಹಣ ಕೊಡಬೇಕಾಯಿತು. ಹಣಕ್ಕಾಗಿ ಸಾಹುಕಾರನ ಬಾಗಿಲಿಗೆ ಹೋಗಬೇಕಾದ ರೈತನ ಸಿಟ್ಟೇ ಆ ಹೋರಾಟದ ಮುಖ್ಯ ಕಾರಣಗಳಲ್ಲಿ ಒಂದು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಕೂಡಿದ ಜನರಿಗೆ ಕೆದಂಬಾಡಿ ರಾಮಯ್ಯಗೌಡರು, ಗುಡ್ಡೆಮನೆ ಅಪ್ಪಯ್ಯಗೌಡರು ಮೊದಲಾದವರು ನಾಯಕರಾದರು. 1837ರ ಏಪ್ರಿಲ್ ತಿಂಗಳಲ್ಲಿ ಅವರು ಮಂಗಳೂರನ್ನು ಹಿಡಿದು ಕೆಲವು ದಿನ ತಮ್ಮ ವಶದಲ್ಲಿಟ್ಟುಕೊಂಡರು. ದಂಗೆ ಅಡಗಿದ ಮೇಲೆ ಅದೇ ವರ್ಷ ಅಕ್ಟೋಬರ್ 31ರಂದು ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು.

ಇಂತಹ ಘಟನೆಯೊಡನೆ ತಮ್ಮ ಮನೆಯ ವಸ್ತುವೊಂದು ಬೆಸೆದುಕೊಂಡಿದೆಯೆಂದರೆ ಯಾರಿಗೆ ಹೆಮ್ಮೆಯೆನಿಸದು? ನಾವು ಸಹಾಯಕ ಉಪಾಧ್ಯಾಯರಾಗಿದ್ದಾಗಿನಿಂದಲೂ ಈ ಪಾಠ ಬಂದಾಗಲೆಲ್ಲ ನಮ್ಮ ಮನೆಯ ಕೋವಿಯ ಕಥೆಯನ್ನು ತರಗತಿಯಲ್ಲಿ ಹೇಳುತ್ತಿದ್ದೆವು. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಕೆಲವು ವರ್ಷಗಳ ಹಿಂದೆ ಮನೆಯ ಮಾಡನ್ನು ಹೊಸದಾಗಿ ಕಟ್ಟಿಸಿದಾಗ, ಕೋವಿಯನ್ನೂ ಸರಿಪಡಿಸಿ, ಅದರ ಕೆಳಗೆ 1837ನೆಯ ಇಸವಿಯನ್ನು ಕೆತ್ತಿದ ಹಿತ್ತಾಳೆಯ ತಗಡೊಂದನ್ನು ಹಾಕಬೇಕೆಂದು ಕುಟುಂಬದವರೆಲ್ಲ ತೀರ್ಮಾನಿಸಿದರು. ಓದಿದವರೆಂಬ ಕಾರಣದಿಂದ ಆ ಕೆಲಸ ನಮ್ಮ ಪಾಲಿಗೆ ಬಂದಿತು.

೨. ಗಡಿಯ ಆಚೆ, ಗಡಿಯ ಈಚೆ

ಕೋವಿಯ ದುರಸ್ತಿಯೆಂದರೆ ಪೆಟ್ಟಿಗೆಯ ಬೀಗವನ್ನು ಸರಿಪಡಿಸಿದಂತಲ್ಲ. ಕಾನೂನು ಮೊದಲು ಬರುತ್ತದೆ. ಆದುದರಿಂದ ಅದರ ಚರಿತ್ರೆಯನ್ನು ಸ್ವಲ್ಪ ಹೇಳಬೇಕಾಗಿದೆ.

1857ರ ಸಂಗ್ರಾಮದ ಸಮಯದಲ್ಲಿ ಆಂಗ್ಲರು ಪ್ರಜೆಗಳ ಆಯುಧಗಳನ್ನು ಕಸಿಯುವ ಶಾಸನವನ್ನು ತಂದರು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಕೊಡಲಾರೆವೆಂದು ಅದೇ ವರ್ಷ ತಿರುಗಿಬಿದ್ದು ಪ್ರಾಣವನ್ನೇ ಕೊಟ್ಟರು. ಆ ಕಥೆ ಲಾವಣಿಯಾಗಿ ಉತ್ತರ ಕರ್ನಾಟಕದಲ್ಲಿ ಉಳಿದಿದೆ. ಆದರೆ ಕೊಡಗಿನಲ್ಲಿ ನಡೆದದ್ದು ಬೇರೆ. ಆಗ ಮೈಸೂರು ಮತ್ತು ಕೊಡಗಿನ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ನರು 1861ರಲ್ಲಿ ಕೊಡವರಿಗೆ ಈ ಶಾಸನದಿಂದ ವಿನಾಯಿತಿ ಕೊಟ್ಟರು. 1878ರ ಶಸ್ತ್ರ ಶಾಸನ ಬಂದಾಗಲೂ, ಸ್ವಾತಂತ್ರ್ಯಾನಂತರ 1959ರ ಶಾಸನ ಬಂದಾಗಲೂ ಈ ವಿನಾಯಿತಿ ಮುಂದುವರಿಯಿತು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಇದು ಅನ್ವಯಿಸುತ್ತದೆ. ಕೇಂದ್ರ ಸರಕಾರವು 2019ರಲ್ಲಿ ಇದನ್ನು 2029ರ ವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಗುಡ್ಡದ ಈಚೆಯ ನಾವು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವರು. ನಮಗೆ ವಿನಾಯಿತಿ ಇರಲಿಲ್ಲ. ಮೇಲಿನ ನಂಟರ ಮನೆಯಲ್ಲಿ ಕೈಲುಮುಹೂರ್ತದ ದಿನ ಕೋವಿಯನ್ನು ಒರೆಸಿ, ದೇವರ ಮುಂದಿಟ್ಟು, ತೋಕ್‌ ಪೂ ಎಂದು ಅವರು ಕರೆಯುವ ಕೆಂಪು ಹಳದಿಯ ಕಾಡುಹೂವನ್ನು ನಳಿಗೆಗೆ ಸಿಕ್ಕಿಸುವರು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯೂ ಕೊಡಗಿನಲ್ಲಿದೆ. ಈಚೆಗಿನ ನಮ್ಮ ಮನೆಯಲ್ಲಿ ಅದೇ ಬಗೆಯ ಕೋವಿಗೆ ಲೈಸೆನ್ಸು, ನವೀಕರಣ, ಮೊಹರು ಎಲ್ಲವೂ ಬೇಕಾಗಿದ್ದವು. ಒಂದೇ ಹೊಳೆಯ ನೀರು ಕುಡಿಯುವ ಎರಡು ಮನೆಗಳ ನಡುವೆ ಒಂದು ಶಾಸನ ಎಳೆದ ಗೆರೆಯಿದು.

ಇಂದಿನ ನಿಯಮವನ್ನೂ ವಾಚಕರು ತಿಳಿದಿರುವುದು ಒಳ್ಳೆಯದು. 1959ರ ಶಾಸನದ 45ನೆಯ ಕಲಮಿನಲ್ಲಿ ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧಗಳಿಗೆ ಒಂದು ರಿಯಾಯಿತಿ ಇದೆ. ಆದರೆ ದುರಸ್ತಿ ಮಾಡಿದರೂ ಕೋವಿಯಾಗಿ ಬಳಸಲು ಬಾರದ ಸ್ಥಿತಿಯಲ್ಲಿರುವುದಕ್ಕೆ ಮಾತ್ರ ಅದು ಸಲ್ಲುತ್ತದೆ. ಹಳೆಯದೆಂಬ ಒಂದೇ ಕಾರಣದಿಂದ ಲೈಸೆನ್ಸು ಬೇಡವೆಂದು ತಿಳಿಯುವುದು ತಪ್ಪು. ದುರಸ್ತಿಯ ಕಸುಬಿಗೂ ಲೈಸೆನ್ಸು ಬೇಕು. ಊರಿನ ಕಮ್ಮಾರನ ಕೈಗೆ ಕೊಡುವಂತಿಲ್ಲ. 2019ರ ತಿದ್ದುಪಡಿಯಂತೆ ಒಬ್ಬರ ಬಳಿ ಇರಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಪಿತ್ರಾರ್ಜಿತವೆಂದರೂ ಮಿತಿ ಅದೇ. ನಮ್ಮ ದೊಡ್ಡಪ್ಪನ ಮಗನಾದ ಅಣ್ಣನವರ ಹೆಸರಿನಲ್ಲಿ ಲೈಸೆನ್ಸಿತ್ತು. ಅವರು ತೀರಿಕೊಂಡ ಮೇಲೆ ಕೋವಿಯನ್ನು ಠೇವಣಿಯಿಟ್ಟು, ಅವರ ಮಗನ ಹೆಸರಿಗೆ ವರ್ಗವಾಗುವ ವೇಳೆಗೆ ಎರಡು ಮಳೆಗಾಲಗಳು ಕಳೆದವು. ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುವ ನಾಡಿನಲ್ಲಿ ಎಣ್ಣೆ ಕಾಣದ ಕಬ್ಬಿಣದ ಗತಿ ಏನಾಗಬಹುದು? ಮರಳಿ ಬಂದಾಗ ನಳಿಗೆಯು ಕೆಂಪು ತುಕ್ಕಿನಿಂದ ಮುಚ್ಚಿಹೋಗಿತ್ತು.

೩. ದುರಸ್ತಿಯ ಕ್ರಮ

ನಮ್ಮದು ಕೇಪಿನ ಕೋವಿ, ಒಂಟಿ ನಳಿಗೆ. ಬಾಯಿಯ ಕಡೆಯಿಂದ ಮದ್ದು, ನಾರು, ಚರೆ ಇವನ್ನು ಕ್ರಮವಾಗಿ ಹಾಕಿ ಸಲಾಕೆಯಿಂದ ಜಡಿಯಬೇಕು. ಹಿಂಭಾಗದ ಪುಟ್ಟ ಮೊನೆಯ ಮೇಲೆ ತಾಮ್ರದ ಕೇಪನ್ನು ಕೂರಿಸಬೇಕು. ಕುದುರೆಯು ಅದರ ಮೇಲೆ ಬಡಿದಾಗ ಕಿಡಿ ಒಳಗಿಳಿದು ಮದ್ದು ಹೊತ್ತುತ್ತದೆ.

ಲೈಸೆನ್ಸುಳ್ಳ ಕುಶಲಕರ್ಮಿಯೊಬ್ಬರ ಅಂಗಡಿಗೆ ಅದನ್ನು ಒಯ್ದೆವು. ಅವರು ಮಾಡಿದ ಮೊದಲ ಕೆಲಸ ನಮಗೆ ಪಾಠವಾಯಿತು. ಸಲಾಕೆಯನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದು ನೋಡಿದರು. ಸಲಾಕೆಯ ತುದಿ ಕೇಪಿನ ಮೊನೆಯಿಂದ ಮೂರು ಬೆರಳು ಈಚೆಗೇ ನಿಂತಿತ್ತು. ಅವರು ನಮ್ಮ ಮುಖ ನೋಡಿ, ‘ಮಾಸ್ಟ್ರೇ, ಇದರಲ್ಲಿ ಈಡು ಇದೆ’ ಎಂದರು. ಕೇಪಿನ ಮೊನೆಯನ್ನು ಬಿಚ್ಚಿ, ನೀರೆರೆದು ಒಂದು ದಿನ ನೆನೆಯಿಸಿ, ತಿರುಪಿನ ತುದಿಯ ಸಲಾಕೆಯಿಂದ ಎಳೆದಾಗ ತೆಂಗಿನ ನಾರಿನ ಉಂಡೆ, ಒಂದು ಹಿಡಿ ಚರೆ, ಗಟ್ಟಿಯಾದ ಕರಿಯ ಮದ್ದು ಹೊರಬಂದವು. ನೀರು ಕಾಣುವವರೆಗೆ ಆ ಮದ್ದು ಸತ್ತಿರಲಿಲ್ಲವೆಂದು ಅವರು ಹೇಳಿದರು. ಬಾರದೇ ಹೋದ ಹಂದಿಯೊಂದಕ್ಕಾಗಿ ದೊಡ್ಡಪ್ಪನವರು ತುಂಬಿಟ್ಟದ್ದಿರಬೇಕು. 1972ರ ವನ್ಯಜೀವಿ ಶಾಸನ ಬಂದ ಮೇಲೆ ಅದು ಗೂಟದಿಂದ ಇಳಿದದ್ದೇ ಅಪರೂಪ. ಆ ಗೂಟದ ಕೆಳಗೆ ನಾವು ಚಾಪೆ ಹಾಸಿ ಮಲಗಿ ಬೆಳೆದವರು. ಬಾಯಿಯಿಂದ ತುಂಬುವ ಹಳೆಯ ಕೋವಿ ಯಾರ ಮನೆಯಲ್ಲಿದ್ದರೂ ಅದು ಬರಿದೆಂದು ನಂಬಕೂಡದು. ತಿಳಿದವರಿಂದ ಅಳೆಯಿಸಿ ನೋಡಿಯೇ ಮುಂದಿನ ಮಾತು.

ಕುಶಲಕರ್ಮಿಗಳು ಎರಡು ದಾರಿ ಹೇಳಿದರು. ನಳಿಗೆಯನ್ನು ಉಜ್ಜಿ ಹೊಳಪಿಸಿ ಕಪ್ಪುಬಣ್ಣವೇರಿಸಿ, ಸೀಳಿದ ಮರದ ಹಿಡಿಗೆ ಬದಲಾಗಿ ಹೊಸದನ್ನು ಹಾಕಿ, ಗುಂಡು ಹಾರುವಂತೆ ಮಾಡುವುದು ಒಂದು. ಇದ್ದುದನ್ನು ಇದ್ದಂತೆಯೇ ಉಳಿಸಿ, ತುಕ್ಕು ಮುಂದುವರಿಯದಂತೆ ತಡೆಯುವುದು ಇನ್ನೊಂದು. ಮೊದಲನೆಯದಕ್ಕೆ ಕುಟುಂಬದ ಕಿರಿಯರ ಒಲವಿತ್ತು. ನಾವು ಎರಡನೆಯದನ್ನು ಆರಿಸಿದೆವು. ಹಳೆಯ ತಾಮ್ರಪಟವನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಅಕ್ಷರ ಅಳಿಸಿದವರ ಕಥೆಯನ್ನು ಕೇಳಿದವರು ನಾವು. ಅಲ್ಲದೆ ಅಷ್ಟು ತುಕ್ಕು ತಿಂದ ನಳಿಗೆಯು ಮದ್ದಿನ ಒತ್ತಡವನ್ನು ತಾಳೀತೆಂದು ಯಾರೂ ಹೊಣೆ ಹೊರಲಾರರು.

ಕೆಲಸ ಮೂರು ವಾರ ನಡೆಯಿತು. ಬಿಗಿದ ತಿರುಪುಗಳಿಗೆ ತೆಳುವಾದ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕಾಯಿತು. ಅವಸರಪಟ್ಟರೆ ತಿರುಪಿನ ತಲೆ ಹರಿದು ಹೋಗುತ್ತದೆ. ಬಿಚ್ಚಿದ ಒಂದೊಂದು ತಿರುಪನ್ನೂ ಕಾಗದದ ಮೇಲೆ ಬರೆದ ಚಿತ್ರದ ಅದೇ ಜಾಗದಲ್ಲಿ ಇಟ್ಟರು, ಏಕೆಂದರೆ ಕೈಯಿಂದ ಹದಗೊಳಿಸಿದ ಹಳೆಯ ತಿರುಪು ಇನ್ನೊಂದರ ತೂತಿಗೆ ಹೊಂದುವುದಿಲ್ಲ. ಕೆಂಪು ತುಕ್ಕನ್ನು ಎಣ್ಣೆ ಸವರಿದ ಅತಿ ನಯವಾದ ಉಕ್ಕಿನ ನೂಲಿನಿಂದ ಮೆಲ್ಲನೆ ತೆಗೆದರು. ಅದರ ಕೆಳಗಿದ್ದ ಕಂದುಬಣ್ಣವನ್ನು ಮುಟ್ಟಲಿಲ್ಲ. ಅದು ತುಕ್ಕಲ್ಲ, ಮಾಡಿದವರೇ ಏರಿಸಿದ ಬಣ್ಣವೆಂದು ವಿವರಿಸಿದರು. ಮರಕ್ಕೆ ಮರಳುಕಾಗದ ಸೋಕಿಸಲಿಲ್ಲ. ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಹೊಗೆಯ ಮಸಿಯನ್ನು ಒರೆಸಿ ಒಣಗಿಸಿ, ತೆಳ್ಳಗೆ ಮೇಣ ಸವರಿದರು. ಹಿಡಿಯ ಸೀಳಿಗೆ ಯಾವನೋ ಆಚಾರಿ ಹಿಂದೆ ಸುತ್ತಿದ್ದ ಹಿತ್ತಾಳೆಯ ಪಟ್ಟಿಯನ್ನು ಹಾಗೆಯೇ ಉಳಿಸಿದೆವು. ಮಸಿ ಹೋದ ಮೇಲೆ ಹಿಡಿಯ ಬುಡದಲ್ಲಿ ಚೂರಿಯಿಂದ ಕೊರೆದ ಎರಡು ಕನ್ನಡ ಅಕ್ಷರಗಳು ಕಂಡವು. ಅವು ನಮ್ಮ ಮನೆಯ ಹೆಸರಿನ ಮೊದಲ ಎರಡು ಅಕ್ಷರಗಳು.

೪. ನಳಿಗೆಯ ಮೇಲಿನ ಮುದ್ರೆ

ಹಿಡಿಯಿಂದ ನಳಿಗೆಯನ್ನು ಬಿಡಿಸಿದ ದಿನ ನಾವು ಅಲ್ಲಿಯೇ ಇದ್ದೆವು. ಅದರ ಕೆಳಭಾಗದಲ್ಲಿ ಪುಟ್ಟ ಮುದ್ರೆಗಳಿದ್ದವು: ಕಿರೀಟದ ಕೆಳಗೆ ಬಿ.ವಿ. ಎಂಬ ಇಂಗ್ಲಿಷ್ ಅಕ್ಷರಗಳು, ಇನ್ನೊಂದು ಕಿರೀಟದ ಕೆಳಗೆ ಬಿ.ಪಿ. ಎಂಬವು. ಇಂಗ್ಲೆಂಡಿನ ಬರ್ಮಿಂಗಮ್ ನಗರದಲ್ಲಿ 1813ರ ಶಾಸನದಂತೆ ಸ್ಥಾಪಿತವಾದ ಪರೀಕ್ಷಾಲಯವೊಂದಿದೆ. ಅಲ್ಲಿ ಹೆಚ್ಚು ಮದ್ದು ತುಂಬಿ ಹಾರಿಸಿ, ಒಡೆಯದೆ ಉಳಿದ ನಳಿಗೆಗೆ ಮುದ್ರೆಯೊತ್ತುತ್ತಾರೆ. ಮೊದಲಿನ ಮುದ್ರೆಯಲ್ಲಿ ಕಿರೀಟದ ಕೆಳಗೆ ಅಡ್ಡಲಾಗಿ ಎರಡು ರಾಜದಂಡಗಳಿದ್ದವು. ಕಿರೀಟದೊಡನೆ ಬಿ.ವಿ., ಬಿ.ಪಿ. ಅಕ್ಷರಗಳುಳ್ಳ ಮುದ್ರೆ ಜಾರಿಗೆ ಬಂದದ್ದು 1904ರಲ್ಲಿ.

1904ರ ಅನಂತರ ಪರೀಕ್ಷೆಯಾದ ನಳಿಗೆಯು 1837ರ ದಂಗೆಗೆ ಹೋಗಲು ಹೇಗೆ ಸಾಧ್ಯ?

ನಿಜ ಹೇಳುವುದಾದರೆ ಮುದ್ರೆ ನೋಡುವ ಮೊದಲೇ ನಮಗೆ ಸಂಶಯ ಬರಬೇಕಾಗಿತ್ತು. ಕೇಪಿನಲ್ಲಿ ಬಳಸುವಂತಹ ಸಿಡಿಮದ್ದಿನಿಂದ ಕೋವಿ ಹೊತ್ತಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸಿತ್ ಹಕ್ಕುಪತ್ರ ಪಡೆದದ್ದು 1807ರಲ್ಲಿ. ಬ್ರಿಟಿಷ್ ಸೈನ್ಯದಲ್ಲಿಯೇ ಕೇಪಿನ ಕೋವಿ ರೂಢಿಗೆ ಬರತೊಡಗಿದ್ದು 1839ರ ಸುಮಾರಿಗೆ. ಅದಕ್ಕೆ ಮೊದಲು ಇದ್ದದ್ದು ಬತ್ತಿಯ ಕೋವಿ, ಚಕಮಕಿಕಲ್ಲಿನ ಕೋವಿ. ಕುಂಪಣಿಯ ಸಿಪಾಯಿಗೇ ದೊರೆಯದ ಆಯುಧ 1837ರಲ್ಲಿ ನಮ್ಮ ಗುಡ್ಡದ ಒಕ್ಕಲಿನ ಕೈಯಲ್ಲಿತ್ತೆಂದು ನಂಬಿದ್ದು ನಮ್ಮ ತಪ್ಪು. ಚಕಮಕಿಯ ಕೋವಿಯನ್ನು ಆಮೇಲೆ ಕೇಪಿಗೆ ಮಾರ್ಪಡಿಸಿದ್ದಿರಬಹುದೇ ಎಂದು ಕೊನೆಯ ಆಸೆಯಿಂದ ಕೇಳಿದೆವು. ಹಾಗಿದ್ದಲ್ಲಿ ಪಕ್ಕದ ಉಕ್ಕಿನ ಫಲಕದಲ್ಲಿ ಹಳೆಯ ತೂತುಗಳನ್ನು ಮುಚ್ಚಿದ ಗುರುತು ಇರಬೇಕಿತ್ತು. ಅಂತಹದೇನೂ ಇರಲಿಲ್ಲ.

ಕೋವಿಯ ಪೆಟ್ಟಿಗೆಯ ಅಡಿಯಲ್ಲಿ ಹಳೆಯ ಕಾಗದಗಳಿದ್ದವು. ಅವುಗಳಲ್ಲಿ ಮೊದಲನೆಯದು 1926ರ ಲೈಸೆನ್ಸು, ಅಜ್ಜನ ಹೆಸರಿನದು, ಉದ್ದೇಶ ಬೆಳೆರಕ್ಷಣೆ. ಅಚ್ಚಾದದ್ದೆಲ್ಲ ಇಂಗ್ಲಿಷು, ಅಜ್ಜನ ಸಹಿ ಮಾತ್ರ ಕನ್ನಡ. ಅದರ ಮೇಲೆ ಕಟ್ಟಿಕೊಂಡು ಬಂದ ನವೀಕರಣದ ಮೊಹರುಗಳನ್ನು ಓದಿದರೆ ನಮ್ಮ ಗಡಿಯ ಚರಿತ್ರೆಯೇ ಕಾಣುತ್ತದೆ. ಮೊದಲು ಮಂಗಳೂರಿನದು, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ತರುವಾಯ ಕಣ್ಣೂರಿನದು, 1984ರಲ್ಲಿ ಕಾಸರಗೋಡು ಜಿಲ್ಲೆಯಾದ ಮೇಲೆ ಇಲ್ಲಿಯದೇ. ಮೊಹರು ಎರಡು ಬಾರಿ ಬದಲಾಯಿತು; ಕೋವಿ ಗೂಟದಿಂದ ಕದಲಲಿಲ್ಲ.

೫. ಅತ್ತೆಯವರ ಮಾತು

ಈ ಸಂಗತಿಯನ್ನು ಮನೆಯವರಿಗೆ ಹೇಗೆ ಹೇಳುವುದೆಂದು ನಾವು ಎರಡು ದಿನ ಯೋಚಿಸಿದೆವು. ಕೊನೆಗೆ ಎಂಬತ್ತು ದಾಟಿದ ನಮ್ಮ ಸೋದರತ್ತೆಯವರಲ್ಲಿ ಮೊದಲು ಹೇಳಿದೆವು. ಅವರು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. ಅಜ್ಜನು ಒಂದು ವರ್ಷದ ಅಡಿಕೆ ಮಾರಿದ ದುಡ್ಡಿನಲ್ಲಿ ಮಂಗಳೂರಿಗೆ ಹೋಗಿ ಕೋವಿ ತಂದದ್ದನ್ನು ತಮ್ಮ ತಾಯಿಯ ಬಾಯಿಂದ ಕೇಳಿದ್ದೇನೆಂದರು. ಅದಕ್ಕೆ ಹಿಂದಿನ ವರ್ಷ ಹಂದಿಗಳು ಗದ್ದೆಯನ್ನು ಪೂರ್ತಿ ಉತ್ತುಹಾಕಿ, ಮನೆಯವರು ಮಳೆಗಾಲವಿಡೀ ಹಲಸಿನ ಬೀಜ ಬೇಯಿಸಿ ತಿಂದಿದ್ದರಂತೆ. ಕೋವಿ ಬಂದ ಮೇಲೆ ಅಜ್ಜನು ಮೂರು ತಿಂಗಳು ರಾತ್ರಿ ಗದ್ದೆಯ ಮಾಳದಲ್ಲಿಯೇ ಮಲಗಿದನಂತೆ. ಹಿಡಿ ಸೀಳಿದ್ದು ಒಂದು ರಾತ್ರಿ ಮಾಳದಿಂದ ಕೆಳಗೆ ಬಿದ್ದಾಗ. ಇದನ್ನೆಲ್ಲ ಇಷ್ಟು ದಿನ ಏಕೆ ಹೇಳಲಿಲ್ಲವೆಂದು ಕೇಳಿದಾಗ, ‘ನೀವು ಗಂಡಸರು ಯುದ್ಧದ ಕಥೆ ಹೇಳುತ್ತಿದ್ದಿರಿ, ನನ್ನನ್ನು ಯಾರು ಕೇಳಿದರು?’ ಎಂದರು.

ಈ ಮಾತು ನಮ್ಮನ್ನು ಬಹಳ ನಾಚಿಸಿತು. ಇತಿಹಾಸದ ಉಪಾಧ್ಯಾಯರಾಗಿ ಸಾಕ್ಷ್ಯ ಪರಿಶೀಲನೆಯನ್ನು ಕಲಿಸುವ ನಾವು ನಮ್ಮದೇ ಮನೆಯ ಜೀವಂತ ಸಾಕ್ಷಿಯನ್ನು ಒಮ್ಮೆಯೂ ವಿಚಾರಿಸಿರಲಿಲ್ಲ.

ಕುಟುಂಬದವರು ಸೇರಿದ ದಿನ ಎಲ್ಲವನ್ನೂ ಬಿಡಿಸಿ ಹೇಳಿದೆವು. ಕೆಲವರಿಗೆ ಬೇಸರವಾಯಿತು, ಮುದ್ರೆಯ ವಿಷಯವನ್ನು ಯಾರು ನೋಡುತ್ತಾರೆ, ತಗಡು ಹಾಕಿಬಿಡೋಣ ಎಂದವರೂ ಇದ್ದರು. ‘ಹಾಗಾದರೆ ನಮ್ಮವರು ದಂಗೆಗೆ ಹೋಗಲೇ ಇಲ್ಲವೇ?’ ಎಂದು ಅಣ್ಣನ ಮಗ ಕೇಳಿದನು. ಅವನಿಗೆ ನಾವು ಕೊಟ್ಟ ಉತ್ತರವನ್ನು ಇಲ್ಲಿಯೂ ಬರೆಯುತ್ತೇವೆ. ಈ ಕೋವಿ ಹೋಗಿಲ್ಲವೆಂಬುದು ಮಾತ್ರ ಸಿದ್ಧವಾಗಿದೆ. ಹಿರಿಯರು ಹೋಗಿಲ್ಲವೆಂಬುದು ಸಿದ್ಧವಾಗಿಲ್ಲ. ಐತಿಹ್ಯದಲ್ಲಿ ಒಂದು ತಿರುಳು ಇದ್ದರೂ ಇರಬಹುದು. ಆದರೆ ಆ ತಿರುಳಿಗೆ ಬೇರೆ ಸಾಕ್ಷ್ಯ ಹುಡುಕಬೇಕೇ ಹೊರತು, ಸುಳ್ಳು ಸಾಕ್ಷಿಯನ್ನು ನಿಲ್ಲಿಸಬಾರದು. 1837ರಲ್ಲಿ ನಿಜವಾಗಿ ಪ್ರಾಣ ಕೊಟ್ಟವರಿಗೆ ಅದರಿಂದ ಗೌರವವಾಗುವುದಿಲ್ಲ.

ಕಡೆಗೆ ತಗಡನ್ನು ಹಾಕಿದೆವು. ಅದರಲ್ಲಿ 1837 ಇಲ್ಲ. ಅಜ್ಜನ ಹೆಸರು, 1926, ಬೆಳೆ ಕಾಯ್ದ ಕೋವಿ ಎಂಬ ಮೂರು ಮಾತುಗಳಿವೆ. ಕೋವಿಯನ್ನು ಬೀಗವುಳ್ಳ ಕಪಾಟಿನಲ್ಲಿಟ್ಟಿದ್ದೇವೆ. ಆಯುಧಪೂಜೆಯಂದು ಅಣ್ಣನ ಮಗ ಅದನ್ನು ಹೊರತೆಗೆದು ಎಣ್ಣೆ ಸವರುತ್ತಾನೆ. ಮೊದಲ ವರ್ಷ ಅತ್ತೆಯವರು ಹಿಡಿಯ ಹಿತ್ತಾಳೆಪಟ್ಟಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರು. ಹೊಸ ಹಿಡಿ ಹಾಕಿಸಿದ್ದರೆ ಅವರು ಮುಟ್ಟಲು ಏನು ಉಳಿಯುತ್ತಿತ್ತು?

ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಗಡಿನಾಡಿನ ಕನ್ನಡ ಮನೆಗಳಲ್ಲಿ ಕೋವಿ, ಕತ್ತಿ, ಸೇರು, ತಕ್ಕಡಿ, ಕಡತದ ಪೆಟ್ಟಿಗೆ ಮೊದಲಾದ ವಸ್ತುಗಳು ಇನ್ನೂ ಉಳಿದಿವೆ. ಉಜ್ಜುವ ಮೊದಲು ಅವುಗಳ ಅಳತೆ, ಗುರುತು, ಅಕ್ಷರ, ಒಡಕು ಎಲ್ಲವನ್ನೂ ಬರೆದಿಡಿರಿ, ಚಿತ್ರ ತೆಗೆಯಿರಿ. ಮನೆಯ ಹಿರಿಯ ಹೆಂಗಸರನ್ನು ತಪ್ಪದೆ ಕೇಳಿರಿ. ಬಂದ ಉತ್ತರವು ನಮ್ಮ ಹೆಮ್ಮೆಗೆ ಹೊಂದದಿದ್ದರೂ ಅದನ್ನೇ ಬರೆದುಕೊಳ್ಳಿರಿ. ನಮ್ಮ ಮಟ್ಟಿಗೆ ಒಂದು ಕೆಲಸ ಇನ್ನೂ ಬಾಕಿಯಿದೆ. ಹಿಂದೆ ನಮ್ಮ ತರಗತಿಯಲ್ಲಿ ಆ ಯುದ್ಧದ ಕಥೆ ಕೇಳಿದ ಶಿಷ್ಯರಲ್ಲಿ ಹಲವರು ಈಗ ಸ್ವತಃ ಉಪಾಧ್ಯಾಯರು. ಈ ಸಂಚಿಕೆಯನ್ನು ಓದುವವರು. ನಾವು ಅಂದು ಹೇಳಿದ್ದು ತಪ್ಪೆಂದು ಅವರು ಇಲ್ಲಿಂದ ತಿಳಿದು, ತಮ್ಮ ಮಕ್ಕಳಿಗೆ ತಿದ್ದಿ ಹೇಳಬೇಕಾಗಿ ಪ್ರಾರ್ಥನೆ.